ಆರು ಬೆರಳು ಅಣ್ಣನವು

ಇನ್ನೊಮ್ಮೆ ಬರೆದರೆ ಇಷ್ಟು ಬಂದೀತೇ? ಇಂಗ್ಲಿಷಿಗೆ ಅರವತ್ತೆಂಟು, ಜೀವಶಾಸ್ತ್ರಕ್ಕೆ ಎಪ್ಪತ್ತೊಂಬತ್ತು, ರಸಾಯನಶಾಸ್ತ್ರಕ್ಕೆ ಎಪ್ಪತ್ತೈದು, ಭೌತಶಾಸ್ತ್ರಕ್ಕೆ ಅರವತ್ತೊಂಬತ್ತು. ಟೆರ್ಕುಲಾ ನಾಲ್ಕನ್ನೂ ಮತ್ತೆ ಕೂಡಿದ. ಪ್ರವೇಶ ಪರೀಕ್ಷೆಯ ನಾನೂರಕ್ಕೆ ಇನ್ನೂರ ತೊಂಬತ್ತೊಂದು. ವೈದ್ಯಕೀಯಕ್ಕೆ ಇನ್ನೂರ ಎಂಬತ್ತು ಸಾಕಿತ್ತು. ಕಳೆದ ವರ್ಷ ಬಂದದ್ದು ನೂರ ಎಂಬತ್ತಮೂರು. ಈ ಸಲವೂ ಭೌತಶಾಸ್ತ್ರದ ಏಳೆಂಟು ಪ್ರಶ್ನೆಗಳಿಗೆ ಕಣ್ಣು ಮುಚ್ಚಿಯೇ ಉತ್ತರ ಒತ್ತಿದ್ದ.

ಹಿತ್ತಲಲ್ಲಿ ಅಮ್ಮ ಯಾಮ್ ಗೆಡ್ಡೆ ಕುಟ್ಟುತ್ತಿದ್ದಳು. ಒನಕೆಯ ಪೆಟ್ಟು ಗೋಡೆ ದಾಟಿ ಎದೆಗೆ ತಗಲುತ್ತಿತ್ತು. ಮೊಬೈಲಿನಲ್ಲಿ ಪರೀಕ್ಷಾ ಮಂಡಳಿಯ ಸಂದೇಶ ಹಾಗೇ ತೆರೆದಿತ್ತು: ಬೆರಳಚ್ಚಿನಲ್ಲಿ ಅನುಮಾನವಿದೆ, ಗುರುವಾರದೊಳಗೆ ಮಕುರ್ಡಿ ನಗರದ ಕಚೇರಿಗೆ ಬಂದು ಹತ್ತೂ ಬೆರಳು ತೋರಿಸಬೇಕು, ಬಾರದವರ ಅಂಕ ರದ್ದು.

ನೋಂದಣಿಯ ದಿನ ಅಮ್ಮನೇ ಮುಂದೆ ನಿಂತು ಮಾಡಿಸಿದ ಕೆಲಸವದು. ಕಂಪ್ಯೂಟರ್ ಅಂಗಡಿಯವನು ಬೆರಳಚ್ಚು ಯಂತ್ರದ ಗಾಜಿನ ಮೇಲೆ ಟೆರ್ಕುಲಾನ ನಾಲ್ಕು ಬೆರಳು ಒತ್ತಿಸಿ, ಉಳಿದ ಆರಕ್ಕೆ ಅಣ್ಣ ಅಕೊಸುವನ್ನು ಕರೆದಿದ್ದ. "ಇನ್ನು ಇಬ್ರಲ್ಲಿ ಯಾರು ಹೋದ್ರೂ ಒಳಗೆ ಬಿಡ್ತಾರಮ್ಮ" ಎಂದಿದ್ದ. ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದ ಅಕೊಸುವೇ ತಮ್ಮನ ಹೆಸರಲ್ಲಿ ಬರೆಯಬೇಕಿತ್ತು. ಆದರೆ ಪರೀಕ್ಷೆಯ ಬೆಳಿಗ್ಗೆ ಗೇಟಿನ ಮುಂದೆ ಅವನು ಹೆದರಿ ನಿಂತುಬಿಟ್ಟ. ಟೆರ್ಕುಲಾ ಪ್ರವೇಶ ಚೀಟಿ ಕಿತ್ತುಕೊಂಡು ತಾನೇ ಒಳಗೆ ಹೋದ. ಮನೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ. ಫಲಿತಾಂಶ ಬಂದ ದಿನ ಅಮ್ಮ ಹುಂಜ ಕೊಯ್ದು, ಗೆದ್ದು ಬಂದವನ ಪಾಲೆಂದು ಅದರ ಗುಂಡಿಗೆಕಾಯಿಯನ್ನು ಅಕೊಸುವಿನ ತಟ್ಟೆಗೆ ಬಡಿಸಿದ್ದಳು. ಅವನು ತಲೆ ತಗ್ಗಿಸಿ ತಿಂದಿದ್ದ.

ಈಗ ಅದೇ ಅಕೊಸು ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

"ಗುರುವಾರ ಹೋಗ್ತೀಯೇನೋ?"

"ಹೋದ್ರೆ ಆರು ಬೆರಳು ಯಾರದು ಅಂತ ಕೇಳ್ತಾರಣ್ಣ."

"ಕೇಳೋದೇನು ಬಂತು? ಹಿಂದೆ ನಾನು ನನ್ನ ಪರೀಕ್ಷೆ ಬರೆದಾಗ ಕೊಟ್ಟ ಬೆರಳು ಅವರ ಹತ್ರಾನೇ ಇದೆ." ಅಕೊಸು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ. "ನನ್ನ ಯೂನಿವರ್ಸಿಟಿಯಿಂದ ಹೊರಗೆ ಹಾಕ್ತಾರೆ ಕಣೋ."

"ಹೋಗದಿದ್ರೆ?"

"ಅಂಕ ರದ್ದು ಮಾಡಿ ಅಲ್ಲಿಗೇ ಬಿಟ್ಬಿಡ್ತಾರಂತೆ." ಮತ್ತೆ ತಾನೇ, "ಅಂತೆ, ಅಷ್ಟೇ" ಎಂದ.

ಒನಕೆ ನಿಂತಿತು. ಅಕೊಸು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಗುರುವಾರ ಟೆರ್ಕುಲಾ ಮನೆ ಬಿಟ್ಟು ಕದಲಲಿಲ್ಲ. ಶುಕ್ರವಾರ ಮಧ್ಯಾಹ್ನ ಮೊಬೈಲು ತೆರೆದಾಗ ಅಂಕವಿದ್ದ ಜಾಗ ಖಾಲಿಯಾಗಿತ್ತು. ಬಾಗಿಲ ಹೊರಗೆ ಯಾವುದೋ ಬೈಕು ನಿಧಾನವಾಯಿತು. ಅಕೊಸು ಎದ್ದು ನಿಂತ. ಬೈಕು ಮುಂದೆ ಹೋಯಿತು.

ಅಮ್ಮ ತಟ್ಟೆಯನ್ನು ಟೆರ್ಕುಲಾನ ಮುಂದೆ ಕುಕ್ಕಿದಳು.

"ನಿಮ್ಮಣ್ಣ ತಂದುಕೊಟ್ಟ ಅಂಕಾನೂ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲೋ, ಮಹಾ ಡಾಕ್ಟ್ರೇ! ಬರೋ ವರ್ಷ ನೀನೇ ಕೂತು ಬರಿ. ಎಷ್ಟು ಬರುತ್ತೋ ನಾನೂ ನೋಡ್ತೀನಿ."

ಅಕೊಸು ಬೆಂಡೆ ಸಾರನ್ನೇ ನೋಡುತ್ತಿದ್ದ. ಬರುವ ವರ್ಷ ಹತ್ತೂ ಬೆರಳನ್ನು ಗಾಜಿನ ಮೇಲಿಟ್ಟಾಗ ಯಂತ್ರ ಟೆರ್ಕುಲಾ ಆಗಲೇ ಕೊಟ್ಟಿದ್ದ ಈ ನಾಲ್ಕನ್ನು ಗುರುತು ಹಿಡಿದರೆ? ಅವನು ತುತ್ತು ಮುರಿದ.

"ಬರೀತೀನಮ್ಮ" ಎಂದ.

ಹೋದ ಆ ಇನ್ನೂರ ತೊಂಬತ್ತೊಂದು ತಾನೇ ಬರೆದು ಪಡೆದದ್ದು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.