ಹಾಜರಿ ಸಿಗುವ ಮನೆ

"ಲೌಡಿ, ಹಂಗೆ ಎಳೀಬ್ಯಾಡ, ಸೊಂಟ ಕಿತ್ತು ಬರ್ತದೆ. ನಿಮ್ಮಪ್ಪನ ಕೊಟ್ಟಿಗೆ ಎಮ್ಮೆ ಅಂತ ಮಾಡಿದೀಯಾ ನನ್ನ?"

ಶ್ಯಾಮಲಾ ಎಡಗೈಯನ್ನು ಮುದುಕಿಯ ಭುಜಕ್ಕೆ ಕೊಟ್ಟು, ಮಂಡಿಯನ್ನು ಮಂಚದ ಅಂಚಿಗೆ ಊರಿ, ಆ ಭಾರದ ಮೈಯನ್ನು ಗೋಡೆಯ ಕಡೆಗೆ ಹೊರಳಿಸಿದಳು. ಅಡಿಯಲ್ಲಿದ್ದ ಪ್ಯಾಡನ್ನು ಬಲಗೈಯಲ್ಲಿ ಎಳೆದು ಮಡಚಿ ಬಕೆಟ್ಟಿಗೆ ಹಾಕಿದಳು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದಾಗ ಕಿಟಕಿಯಲ್ಲಿಟ್ಟಿದ್ದ ಮೊಬೈಲು ಸದ್ದು ಮಾಡಿತು. ಕತ್ತು ಚಾಚಿ ನೋಡಿದಳು. ಕಾಲೇಜಿನ ಮೆಸೇಜು. 'ಶ್ಯಾಮಲಾ ಕೆ., ಬಿ.ಎ. ಅಂತಿಮ ವರ್ಷ, ಮೊದಲ ಅವಧಿ: ಹಾಜರು.'

ತಂದೆತಾಯಿಗೆ ಹೋಗಬೇಕಾದ ಮೆಸೇಜು ಅದು. ಅವರ ಮನೆಗೆ ಇದ್ದದ್ದು ಒಂದೇ ಫೋನು, ಅದು ಅವಳ ಹತ್ತಿರವೇ ಇರುತ್ತಿತ್ತು.

"ಅದೆಂತದು ಕುಂಯ್ ಅಂದಿದ್ದು?"

"ಮೆಸೇಜು ಅಮ್ಮ. ನಾನು ಕ್ಲಾಸಲ್ಲಿ ಕೂತಿದೀನಂತೆ."

"ಕೂತ್ಕ. ಮೊದ್ಲು ನನ್ನ ಕುಂಡೆ ಒರ್ಸು."

ಶಾಂತಮ್ಮ ತೀರ್ಥೇಶ್ ಸರ್ ಅವರ ತಾಯಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಎದ್ದಿರಲಿಲ್ಲ. ಮೈಯೆಲ್ಲ ಸೋತರೂ ಬಾಯಿ ಮಾತ್ರ ಸೋತಿರಲಿಲ್ಲ. ತೀರ್ಥೇಶ್ ಸರ್ ಶ್ಯಾಮಲಾಗೆ ಅರ್ಥಶಾಸ್ತ್ರ ಹೇಳಿಕೊಡುವವರು, ಅವಳ ತರಗತಿಯ ಹಾಜರಿ ಇಡುವವರೂ ಅವರೇ. ಮನೆ ತೀರ್ಥಹಳ್ಳಿ ಪೇಟೆಯೊಳಗೆ, ಕಾಲೇಜಿನ ಗಂಟೆ ಕೇಳುವಷ್ಟು ಹತ್ತಿರ. ಗಂಟೆ ಹೊಡೆದಾಗಲೆಲ್ಲ ಶ್ಯಾಮಲಾಗೆ ಈಗ ಯಾವ ಕ್ಲಾಸು ಎಂಬುದು ಗೊತ್ತಾಗುತ್ತಿತ್ತು. ಅಷ್ಟೇ ಗೊತ್ತಾಗುತ್ತಿತ್ತು.

ಮೊದಲು ಹೀಗಿರಲಿಲ್ಲ. ಮೊದಲು ಬೆಳಗಿನ ಹೊತ್ತು ಮಾತ್ರ ಕೆಲಸ. ಮುದುಕಿಯನ್ನು ತೊಳೆದು, ಬಟ್ಟೆ ಬದಲಿಸಿ, ತಾನೂ ಬಾವಿಕಟ್ಟೆಯ ಹತ್ತಿರ ಕೈಕಾಲು ತೊಳೆದುಕೊಂಡು ಕಾಲೇಜಿಗೆ ಓಡುತ್ತಿದ್ದಳು. ಆ ದುಡ್ಡು ಬಸ್ಸಿಗೆ ಬೇಕಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಟಿವಿಯಲ್ಲಿ ದಿನಾ ಹೇಳುತ್ತಿದ್ದರು. ಪುಕ್ಕಟೆ ಇದ್ದದ್ದು ಸರ್ಕಾರಿ ಬಸ್ಸು. ರಿಪ್ಪನ್‌ಪೇಟೆ ಕಡೆಯ ಅವಳ ಕೇರಿಗೆ ಬರುತ್ತಿದ್ದದ್ದು ಪ್ರೈವೇಟು. "ಫ್ರೀ ಅಂತ ಹೇಳಿದ್ದು ಯಾರು, ಟಿವಿಯವ್ರಾ? ಹಂಗಾರೆ ಟಿವಿ ಮೇಲೆ ಕೂತ್ಕಂಡು ಹೋಗು" ಎಂದು ಕಂಡಕ್ಟರ್ ಒಮ್ಮೆ ಬಸ್ ತುಂಬ ಜನ ನಗುವಂತೆ ಹೇಳಿದ್ದ.

ಹಗಲು ಹೊತ್ತು ನೋಡಿಕೊಳ್ಳುತ್ತಿದ್ದ ನರ್ಸಮ್ಮ ಶಾಂತಮ್ಮನ ಬಾಯಿ ತಡೆಯಲಾರದೆ ಬಿಟ್ಟುಹೋದಳು. ಅದರ ಮಾರನೆಯ ದಿನ ಸರ್ ಶ್ಯಾಮಲಾಳನ್ನು ಸ್ಟಾಫ್ ರೂಮಿನ ಬಾಗಿಲಿಗೆ ಕರೆದರು.

"ನಾಳೆಯಿಂದ ನೀನು ಇಡೀ ದಿನ ಮನೆಯಲ್ಲೇ ಇರು. ಸಂಜೆ ಬಸ್ಸಿಗೆ ಹೋಗಾದು."

"ಕ್ಲಾಸು ಸರ್?"

"ಕ್ಲಾಸಲ್ಲಿ ಕೂತವ್ರೆಲ್ಲ ಎಂತ ಕಡಿದು ಗುಡ್ಡೆ ಹಾಕ್ತಿದಾರೆ? ಹಾಜರಿ ನಾನು ನೋಡ್ಕೋತೀನಿ. ಬೇರೆ ಮೇಷ್ಟ್ರುಗಳಿಗೂ ಹೇಳ್ತೀನಿ. ಸಂಬಳ ಡಬಲ್."

"ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬರ್ತೀನಿ ಸರ್. ಮಧ್ಯ ಕ್ಲಾಸಿಗೆ..."

"ಅರ್ಧಂಬರ್ಧ ಆಗಾದಿಲ್ಲ. ಬಂದ್ರೆ ಇಡೀ ದಿನ, ಇಲ್ಲಾಂದ್ರೆ ಬೇಡ." ಸರ್ ಮೊಬೈಲು ತೆಗೆದು ಬೆರಳಾಡಿಸಿದರು. "ಮಳೆಗಾಲದಲ್ಲಿ ಬಸ್ ಬಂದಿಲ್ಲ ಅಂತ ಎಷ್ಟು ದಿನ ತಪ್ಪಿಸಿದೀಯ ನೋಡು. ನಾನು ಕೈ ಬಿಟ್ರೆ ನಿಂಗೆ ಹಾಲ್ ಟಿಕೆಟ್ಟೇ ಬರಲ್ಲ."

ಒಳಗಿದ್ದ ಇನ್ನೊಬ್ಬ ಮೇಷ್ಟ್ರು ಇಡ್ಲಿ ತಿನ್ನುತ್ತಲೇ ಹೇಳಿದರು: "ಒಪ್ಕೊಳೇ ಮಾರಾಯ್ತಿ. ನಿಮಗೇನು, ಪಾಸಾದ್ರೆ ಸಾಕು. ಮುಂದಿಂದೆಲ್ಲ ಸರ್ಕಾರ ನೋಡ್ಕತದೆ."

ಸರ್ ನಕ್ಕರು. ಶ್ಯಾಮಲಾ ತನ್ನ ಚಪ್ಪಲಿ ನೋಡಿಕೊಂಡು ನಿಂತಳು. ಪಂಚಾಯ್ತಿ ಪಿಡಿಒ ಪರೀಕ್ಷೆ ಬರೆಯಬೇಕು ಎಂಬ ಆಸೆ ಅವಳಿಗಿತ್ತು. ಅದಕ್ಕೆ ಡಿಗ್ರಿ ಬೇಕು. ಡಿಗ್ರಿ ಕಾಗದದಲ್ಲಿ ಬಂದರೆ ಸಾಲದು, ತಲೆಯೊಳಗೂ ಏನಾದರೂ ಬರಬೇಕು. ಅದನ್ನು ಅಲ್ಲಿ ಹೇಳುವಂತಿರಲಿಲ್ಲ.

ಮನೆಯಲ್ಲಿ ಹೇಳಿದಳು. ಅವ್ವ ಕನ್ನಮ್ಮ ರಿಪ್ಪನ್‌ಪೇಟೆಯ ಹೋಟೆಲ್ಲೊಂದರಲ್ಲಿ ಪಾತ್ರೆ ತಿಕ್ಕಿ ಬಂದು, ಸೋಪಿಗೆ ಬೆಳ್ಳಗೆ ಬಿರಿದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು.

"ಓದಾಕೆ ಹೋದ್ರೆ ಕೈಯಿಂದ ದುಡ್ಡು ಹೋಗ್ತೈತೆ. ಇವ್ರು ಓದ್ದೇ ಇದ್ರೆ ದುಡ್ಡು ಕೊಡ್ತೀವಿ, ಪಾಸೂ ಮಾಡ್ತೀವಿ ಅಂತಾರೆ. ಬ್ಯಾಡ ಅನ್ನಾಕೆ ನಿಂಗೆಂತ ಬಂದೈತೆ?"

"ಅವ್ವ, ಪಾಠನೇ ಕೇಳ್ದೆ ಪಾಸಾಗಿ ಎಂತ ಮಾಡ್ಲಿ?"

"ನಾನು ಪಾಠ ಕೇಳಿ ಪಾತ್ರೆ ತಿಕ್ತಿದೀನಾ?" ಕನ್ನಮ್ಮ ಎಣ್ಣೆ ಬಾಟಲಿಗೆ ಮುಚ್ಚಳ ತಿರುಗಿಸಿದಳು. ಬಾಟಲಿಯನ್ನು ಗೂಡಿನಲ್ಲಿಟ್ಟು ಕೇಳಿದಳು. "ಆ ಮುದ್ಕಿ ಹೊಡೀತಾಳಾ?"

"ಬೈತಾಳೆ."

"ಬೈಗಳ ಮೈಗೆ ಅಂಟಲ್ಲ. ಹೋಗು."

ಶ್ಯಾಮಲಾ ಹೋದಳು.

ಆ ಮನೆಯ ಕಟ್ಟಳೆಗಳನ್ನು ಯಾರೂ ಕೂರಿಸಿಕೊಂಡು ಹೇಳಲಿಲ್ಲ. ತಪ್ಪು ಮಾಡಿದಾಗ ಮಾತ್ರ ಗೊತ್ತಾದವು. ಹಿಂದಿನ ಬಾಗಿಲಿಂದ ಬರಬೇಕು. ಮುದುಕಿಯ ಕೋಣೆ, ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಇಷ್ಟು ಅವಳದು. ನಡುಮನೆ ದಾಟಬಹುದು, ನಿಲ್ಲಬಾರದು. ಅಡುಗೆಮನೆಯ ಹೊಸಲು ಮೆಟ್ಟಬಾರದು. ಒಂದು ದಿನ ಬಿಸಿನೀರಿಗೆಂದು ಅಲ್ಲಿ ಕಾಲಿಟ್ಟವಳನ್ನು ಶಾಂತಮ್ಮನೇ ಮಂಚದ ಮೇಲಿಂದ ಕಂಡು ಕಿರುಚಿದ್ದಳು: "ಏಯ್, ಅಲ್ಲಿ ಒಲೆ ಅದೆ, ದೇವ್ರು ಅದೆ! ಕೇರಿಯವ್ಳಿಗೆ ಅಷ್ಟೂ ಗೊತ್ತಾಗಾದಿಲ್ವಾ?" ಅದಾದ ಮೇಲೆ ಸೊಸೆ ಭವ್ಯಶ್ರೀ ಬಿಸಿನೀರನ್ನು ಹೊಸಲಿನ ಈಚೆ ತಂದಿಡುತ್ತಿದ್ದಳು.

ಹೇಲು ಉಚ್ಚೆ ಬಳಿಯುವುದು ಶ್ಯಾಮಲಾ, ಉಣಿಸುವುದು ಭವ್ಯಶ್ರೀ. ಶಾಂತಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇಂಜೆಕ್ಷನ್ ಕೊಟ್ಟ ಮೇಲೆ ಹೊತ್ತುಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ ಕೈಕಾಲು ನಡುಗುತ್ತಿತ್ತು. ಭವ್ಯಶ್ರೀ ಗಂಜಿ ತಂದಾಗ ಶ್ಯಾಮಲಾ ಎದ್ದು ಹೊರಗೆ ಹೋಗಬೇಕು. ಬಾಯಿಗೆ ಅನ್ನ ಹೋಗುವಾಗ ಅವಳು ಎದುರಿಗೆ ಇರಕೂಡದು. ಹಿತ್ತಿಲಿನ ಕಲ್ಲಿನ ಮೇಲೆ ಕೂತು ಅವಳು ಪುಸ್ತಕ ತೆರೆಯುತ್ತಿದ್ದಳು. ಒಂದು ಪುಟ ಮುಗಿಯುವುದರೊಳಗೆ ಒಳಗಿಂದ ಕರೆ ಬರುತ್ತಿತ್ತು.

ಗೆಳತಿ ದೀಪ್ತಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. "ನಮ್ಮ ಕ್ಲಾಸಲ್ಲಿ ನಿಂದೇ ಜಾಸ್ತಿ ಅಟೆಂಡೆನ್ಸ್ ಕಣೇ. ಜ್ವರ ಬಂದಾಗ್ಲೂ ನೀನು ಪ್ರೆಸೆಂಟು. ಹುಡುಗ್ರು ನಿನ್ನ ಬೆಂಚಿಗೆ ನಮಸ್ಕಾರ ಮಾಡ್ಕಂಡು ಕೂರ್ತಾರೆ." ಇಬ್ಬರೂ ನಕ್ಕರು. ಆಮೇಲೆ ದೀಪ್ತಿ ಬುಧವಾರ ಇಂಟರ್ನಲ್ ಟೆಸ್ಟು ಎಂದಳು. "ಅದಕ್ಕಾದ್ರೂ ಬಾರೆ. ನಿನ್ನ ಮುಖ ಮರ್ತು ಹೋಗ್ತಿದೆ."

ಶ್ಯಾಮಲಾ ಸರ್ ಹತ್ತಿರ ಮಧ್ಯಾಹ್ನದ ಮಟ್ಟಿಗೆ ರಜೆ ಕೇಳಿದಳು. ನೋಡೋಣ ಎಂದರು. ಅವಳು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದಿದಳು, ಕೇರಿಯ ನಲ್ಲಿಯ ಸಾಲಿನಲ್ಲಿ ನಿಂತು ಓದಿದಳು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೇಳೋಣವೆಂದರೆ ಮೇಷ್ಟ್ರ ಮನೆಯಲ್ಲಿ ಮೇಷ್ಟ್ರನ್ನು ಪಾಠ ಕೇಳುವ ಹಾಗಿರಲಿಲ್ಲ.

ಬುಧವಾರ ಭವ್ಯಶ್ರೀ ಅತ್ತೆಗೆ ಇಂಜೆಕ್ಷನ್ ಚುಚ್ಚಿ, ಒಂದು ದೋಸೆ ತಿನ್ನಿಸಿ, ತವರಿನ ಕಡೆಯ ನಿಶ್ಚಿತಾರ್ಥಕ್ಕೆಂದು ಸಾಗರಕ್ಕೆ ಹೊರಟಳು. "ಮಧ್ಯಾಹ್ನದೊಳಗೆ ಬಂದೇಬಿಡ್ತೀನಿ. ಗಂಜಿ ಮಾಡಿಟ್ಟಿದೀನಿ, ಬಂದು ಕೊಡ್ತೀನಿ" ಎಂದಳು. ಮಧ್ಯಾಹ್ನ ಅವಳ ಬದಲು ಅವಳ ಫೋನು ಬಂತು. ಹಿಂದೆ ವಾಲಗದ ಸದ್ದು.

"ಸಂಜೆ ಆಗ್ತದೆ ಶ್ಯಾಮಲಾ. ಅತ್ತೆ ಕಿಟಕಿಯಲ್ಲಿ ಬಿಸ್ಕತ್ ಪ್ಯಾಕೆಟ್ ಇದೆ. ಹರಿದು ಹಂಗೇ ಕೈಗೆ ಕೊಡು. ನೀನು ಮುಟ್ಟಾದು ಬೇಡ."

ಬಿಸ್ಕತ್ತನ್ನು ಮುದುಕಿ ಉಗಿದಳು. ಹಲ್ಲಿಲ್ಲದ ಬಾಯಲ್ಲಿ ಅದು ಹಿಟ್ಟಾಗಿ ಗಂಟಲಿಗೆ ಹತ್ತಿತು. ಶ್ಯಾಮಲಾ ಸರ್‌ಗೆ ಫೋನು ಮಾಡಿದಳು.

"ಸರ್, ಅಕ್ಕ ಬಂದಿಲ್ಲ. ಎರಡು ಗಂಟೆಗೆ ಟೆಸ್ಟು..."

"ಟೆಸ್ಟ್ ಮಾಡೋನು ನಾನೇ ಅಲ್ದಾ? ನೀನು ಅಲ್ಲೇ ಇರು. ನಿಂಗೆ ಇಪ್ಪತ್ತಕ್ಕೆ ಹದಿನೆಂಟು ಹಾಕಾಗಿದೆ."

"ಟೆಸ್ಟ್ ಇನ್ನೂ ಶುರುವೇ ಆಗಿಲ್ವಲ್ಲ ಸರ್."

"ಯಾಕೆ, ಹದಿನೆಂಟು ಸಾಲ್ದಾ?"

ಫೋನು ಇಟ್ಟರು. ಶ್ಯಾಮಲಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಹದಿನೆಂಟು. ದೀಪ್ತಿ ನಿದ್ದೆಗೆಟ್ಟು ಓದಿದರೂ ಹದಿನಾಲ್ಕು ದಾಟುತ್ತಿರಲಿಲ್ಲ. ಸುಮ್ಮನೆ ಕೂತರೆ ಆಯಿತು, ಡಿಗ್ರಿಯೂ ಹೀಗೇ ಬರುತ್ತದೆ. ಆಮೇಲೆ ಯಾರೋ ಒಬ್ಬರು ಎದುರಿಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳುತ್ತಾರೆ, ಅವಳು ಬಾಯಿ ಬಿಡುತ್ತಾಳೆ. ಇಂಥವರಿಗೆಲ್ಲ ಹೀಗೇ ಪಾಸಾಗುತ್ತದೆ ಎಂದು ಇಡ್ಲಿ ತಿನ್ನುತ್ತ ನಗಲು ಅಲ್ಲೂ ಒಬ್ಬ ಇರುತ್ತಾನೆ.

"ಏನೇ, ಸತ್ತೋದ್ಯಾ?" ಮುದುಕಿಯ ದನಿ ಎಂದಿನಂತೆ ಇರಲಿಲ್ಲ. ಹಣೆ ಒದ್ದೆಯಾಗಿತ್ತು, ಹೊದಿಕೆಯ ಮೇಲಿನ ಕೈ ತಾನಾಗಿ ಕುಣಿಯುತ್ತಿತ್ತು. "ಗಂಜಿ ತಗಂಬಾ."

"ಅಡುಗೆಮನೆಗೆ ಹೋಗಂಗಿಲ್ಲಲ್ಲಮ್ಮ."

"ಯಾವ ಬೇವರ್ಸಿ ಹೇಳಿದ್ದು?"

"ನೀವೇ."

ಶಾಂತಮ್ಮ ಸೂರು ನೋಡಿದಳು.

"ಕೈ ತೊಳ್ಕಂಡು ಹೋಗು."

"ಕೈ ದಿನಾ ತೊಳ್ಕತೀನಿ."

"ಹೋಗೇ ಮುಂಡೇದೆ, ಜೀವ ಹೋಗ್ತಾ ಅದೆ."

ಶ್ಯಾಮಲಾ ಎದ್ದಳು. ಹೊಸಲು ದಾಟಿದಳು. ಒಳಗೆ ಅಂಥದ್ದೇನೂ ಇರಲಿಲ್ಲ. ಗ್ಯಾಸ್ ಒಲೆ, ಮಿಕ್ಸಿ, ಸಿಗಂದೂರಮ್ಮನ ಕ್ಯಾಲೆಂಡರು, ಪಕ್ಕದಲ್ಲಿ ಬಾಗಿಲು ಹಾಕಿದ ದೇವರ ಕೋಣೆ, ಸಿಂಕಿನಲ್ಲಿ ತೊಳೆಯದ ದೋಸೆ ಕಾವಲಿ. ಗಂಜಿಯನ್ನು ಬೆಚ್ಚಗೆ ಮಾಡಿ, ಚಿಟಿಕೆ ಉಪ್ಪು ಹಾಕಿ, ಬಟ್ಟಲಿಗೆ ಬಗ್ಗಿಸಿಕೊಂಡು ಬಂದಳು. ಮುದುಕಿಯ ಕತ್ತಿನಡಿ ಕೈ ಕೊಟ್ಟು ಚಮಚ ಚಮಚವಾಗಿ ಉಣಿಸಿದಳು. ಶಾಂತಮ್ಮ ಕಣ್ಣು ಮುಚ್ಚಿಕೊಂಡೇ ಉಂಡಳು. ಕೊನೆಯ ಚಮಚದ ಹೊತ್ತಿಗೆ ನಡುಕ ನಿಂತಿತ್ತು.

"ಭವ್ಯಂಗೆ ಹೇಳ್ಬ್ಯಾಡ. ಬಟ್ಟಲು ತೊಳ್ದು ಇದ್ದಲ್ಲಿ ಬೋರಲು ಹಾಕು. ಗೊತ್ತಾಗಾದಿಲ್ಲ."

ಶ್ಯಾಮಲಾ ಬಟ್ಟಲನ್ನು ಒಯ್ದು ತೊಳೆಯದೆ ಒಲೆಯ ಪಕ್ಕದ ಕಟ್ಟೆಯ ನಡುಮಧ್ಯ ಇಟ್ಟಳು. ಬಂದು ಮುದುಕಿಯ ಅಡಿಗೆ ಹೊಸ ಪ್ಯಾಡು ಹಾಸಿದಳು, ನೀರಿನ ಲೋಟವನ್ನು ಕೈಗೆಟಕುವಂತೆ ಇಟ್ಟಳು, ತನ್ನ ಬ್ಯಾಗು ತಗೊಂಡಳು.

"ಎಲ್ಲಿಗೆ?"

"ಪರೀಕ್ಷೆಗೆ."

"ನನ್ನೊಬ್ಳನ್ನೇ ಬಿಟ್ಟು? ಹೇಲು ಬಂದ್ಬಿಟ್ರೆ ಯಾರು ತೆಗೀತಾರೆ?"

"ನಿಮ್ಮ ಮಗ ಬರ್ತಾರೆ."

"ಅವ್ನು ಎಂದಾದ್ರೂ ತೆಗ್ದಿದಾನೇನೇ?" ಶಾಂತಮ್ಮ ಕೇಳಿದಳು. ಆ ಮಾತಿನಲ್ಲಿ ಬೈಗುಳ ಇರಲಿಲ್ಲ. ಶ್ಯಾಮಲಾ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ನಿಂತರೆ ನಿಂತೇಬಿಡುತ್ತೇನೆ ಅನ್ನಿಸಿತು. ನಡುಮನೆ ದಾಟಿ, ಮುಂಬಾಗಿಲು ತೆಗೆದು, ಆ ಬಾಗಿಲಿನಿಂದಲೇ ಹೋದಳು.

ತರಗತಿಯಲ್ಲಿ ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಸರ್ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಭವ್ಯ ಬಂದ್ಲಾ?"

"ಇಲ್ಲ ಸರ್."

"ಮತ್ತೆ ಅಮ್ಮ?"

"ಉಂಡು ಮಲಗಿದಾರೆ. ನಾನೇ ಗಂಜಿ ಕಾಸಿ ಉಣಿಸಿ ಬಂದೆ." ಶ್ಯಾಮಲಾ ದನಿ ತಗ್ಗಿಸಲಿಲ್ಲ. "ನಿಮ್ಮ ಅಡುಗೆಮನೆಗೆ ಹೋಗಿ."

ಪೆನ್ನುಗಳು ನಿಂತವು. ಸರ್ ಅವರ ಮುಖದಲ್ಲಿ ಏನೋ ಏರಿ ಇಳಿಯಿತು. ಅಷ್ಟು ಜನರ ಎದುರು ಆ ಬಗ್ಗೆ ಏನನ್ನೂ ಆಡುವಂತಿರಲಿಲ್ಲ.

"ನಿಂಗೆ ಪೇಪರ್ ಇಲ್ಲ. ನಿಂದು ಮುಗಿದಿದೆ, ಹೋಗು."

"ಬರೆದೇ ಇಲ್ವಲ್ಲ ಸರ್. ಹದಿನೆಂಟು ಯಾರಿಗೆ ಹಾಕಿದ್ರಿ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಹತ್ತಿರ ಬಂದರು.

"ಹಾಜರಿ ಅಷ್ಟನ್ನೂ ಅಳಿಸ್ತೀನಿ. ಈ ಸಲ ಪರೀಕ್ಷೆಗೆ ಹೆಂಗೆ ಕೂರ್ತೀಯ ನೋಡ್ತೀನಿ. ಗೊತ್ತಾಯ್ತಾ?"

"ಅಳಿಸಿ ಸರ್. ನಾನು ಬಂದಿರ್ಲಿಲ್ಲ. ನಿಮ್ಮನೇಲಿ ಹೇಲು ಬಳೀತಿದ್ದೆ."

ಅವರನ್ನು ದಾಟಿಕೊಂಡು ಹೋಗಿ ದೀಪ್ತಿಯ ಪಕ್ಕ ಕೂತಳು. ದೀಪ್ತಿ ಸ್ವಲ್ಪ ಸರಿದಳು, ಸರ್ ಕಡೆ ಒಮ್ಮೆ ನೋಡಿದಳು, ಆಮೇಲೆ ಪ್ರಶ್ನೆಪತ್ರಿಕೆಯನ್ನು ಇಬ್ಬರ ನಡುವೆ ಎಳೆದಿಟ್ಟಳು. ಶ್ಯಾಮಲಾ ನೋಟ್‌ಬುಕ್ಕಿನಿಂದ ಹಾಳೆ ಹರಿದು ಹೆಸರು, ರಿಜಿಸ್ಟರ್ ನಂಬರು ಬರೆದಳು.

ಹೊರಗೆ ವರಾಂಡದಲ್ಲಿ ಸರ್ ಫೋನಿನಲ್ಲಿದ್ದರು. ಕಿಟಕಿಯಿಂದ ಎಲ್ಲರಿಗೂ ಕೇಳುತ್ತಿತ್ತು. "...ಹೂಂ, ಒಲೆವರೆಗೂ ಹೋಗಿದಾಳೆ... ನೀನು ಬಂದವಳೇ ಮೊದ್ಲು ಪಾತ್ರೆ ಎಲ್ಲ ಹೊರಗೆ ಹಾಕು... ಗಂಜಿ ಚೆಲ್ಲು... ದೇವರ ಕೋಣೆ ಬಾಗಿಲು ಹಾಕಿತ್ತೋ ಇಲ್ವೋ..." ಮಂಚದ ಮೇಲೆ ಒಬ್ಬಳೇ ಇದ್ದವಳ ಮಾತು ಬರುತ್ತದೇನೋ ಎಂದು ಶ್ಯಾಮಲಾ ಕಿವಿಗೊಟ್ಟಳು. ಬರಲಿಲ್ಲ.

ಸರ್ ಒಳಗೆ ಬಂದು ಅವಳ ಬೆಂಚಿನ ಪಕ್ಕ ನಿಂತರು. "ಏಳು ಮೇಲೆ" ಎಂದರು.

ಮೊದಲ ಪ್ರಶ್ನೆ ಅವಳಿಗೆ ಗೊತ್ತಿರಲಿಲ್ಲ. ಎರಡನೆಯದು ಅರ್ಧ ಗೊತ್ತಿತ್ತು. ಅಲ್ಲಿಂದ ಬರೆಯತೊಡಗಿದಳು.