ಬಾಳವ್ವನ ತೊಟ್ಟಿಲ ಹೆಸರು

ನಾನು ಒಂದು ಮೃತ್ಯುಪತ್ರ. ಹೆಸರು ಕೇಳಿಯೇ ಹೆದರಬೇಡಿ, ನನ್ನಷ್ಟು ಸಾಧು ಕಾಗದ ಇನ್ನೊಂದಿಲ್ಲ. ಬರೆಸಿದವನು ಸಾಯುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ನಮ್ಮ ಕುಲದ ಕಸುಬು. ಆಮೇಲೆ ಒಂದೇ ಸಲ ಮಾತಾಡುತ್ತೇವೆ. ಅದನ್ನೂ ಜನ ಅರ್ಧಂಬರ್ಧ ಕೇಳಿಸಿಕೊಂಡರೆ ನಾವೇನು ಮಾಡೋಣ?

ನಾನು ಹುಟ್ಟಿದ್ದು ೧೯೫೨ರಲ್ಲಿ, ಬಾದಾಮಿಯ ಕಚೇರಿಯೆದುರಿನ ಬೇವಿನ ಮರದ ಕೆಳಗೆ. ಬರೆಸಿದವನು ಗುಳೇದಗುಡ್ಡದ ನೇಕಾರ ಈರಪ್ಪ ಹಂಸನೂರ. ಅವನ ಹಿರಿಯ ಮಗ ಗುರಪ್ಪ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಸೊಸೆ ನೀಲವ್ವ ಮತ್ತು ಎಂಟು ವರ್ಷದ ಮೊಮ್ಮಗಳು ಮುಂದೆ ಪರರ ಬಾಗಿಲಿಗೆ ನಿಲ್ಲಬಾರದೆಂದು ಈರಪ್ಪ ಪಡಸಾಲೆಯ ಪಕ್ಕದ ಮಗ್ಗದ ಖೋಲಿಯನ್ನು ಮೊಮ್ಮಗಳ ಹೆಸರಿಗೆ ಬರೆಸಲು ಬಂದಿದ್ದ.

"ಹುಡುಗಿ ಹೆಸರೇನ್ರೀ ಯಜಮಾನ್ರ?" ಎಂದು ಬರಹಗಾರ ಕೇಳಿದ.

ಈರಪ್ಪ ಮುಖ ತಗ್ಗಿಸಿದ. ಮೊಮ್ಮಗಳಿಗೆ ತೊಟ್ಟಿಲಲ್ಲಿ ಇಟ್ಟಿದ್ದು ಸತ್ತ ಅಜ್ಜಿಯ ಹೆಸರು. ಗಂಡನಾದವನು ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಸೊಸೆಯರಂತೂ ಅತ್ತೆಯ ಹೆಸರು ಎತ್ತುವಂತೆಯೇ ಇರಲಿಲ್ಲ. ಹಾಗಾಗಿ ಮನೆಮಂದಿಯೆಲ್ಲ ಆ ಮಗುವನ್ನು ಬಾಳವ್ವ ಎಂದು ಕರೆಯುತ್ತಿದ್ದರು. ಕೊನೆಗೆ ಈರಪ್ಪ ಸಾಕ್ಷಿಗೆಂದು ಕರೆತಂದಿದ್ದ ಗೆಳೆಯ ತಿಪ್ಪಣ್ಣನನ್ನು ಮೊಣಕೈಯಿಂದ ತಿವಿದ. "ನೀ ಹೇಳಪಾ."

ತಿಪ್ಪಣ್ಣ ಬಿದ್ದು ಬಿದ್ದು ನಕ್ಕ. "ಸಂಗವ್ವ ಅಂತ ಬರೀರಿ. ಮುದುಕಗ ನಾಚಿಕಿ ಬಂದೈತಿ!"

ಹೀಗೆ ನನ್ನ ಮೈಮೇಲೆ 'ದಿವಂಗತ ಗುರಪ್ಪನ ಮಗಳು, ಎಂಟು ವರ್ಷದ ಸಂಗವ್ವ' ಎಂದು ಬಿತ್ತು. ಬಾಳವ್ವ ಎಂಬ ಕರೆಯುವ ಹೆಸರನ್ನೂ ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಅನ್ನಿ, ಆಗಿನ್ನೂ ಶಾಯಿಯೇ ಒಣಗಿರಲಿಲ್ಲ.

ಎರಡು ವರ್ಷಕ್ಕೆ ಈರಪ್ಪ ಕಣ್ಣು ಮುಚ್ಚಿದ. ಸತ್ತವನ ವಾರಸುದಾರರು ಯಾರೆಂದು ಊರ ದಫ್ತರದಲ್ಲಿ ಬರೆದುಕೊಳ್ಳಲು ತಲಾಠಿ ಮನೆಗೆ ಬಂದ. ವಾರ್ಸಾ ಬರೆಯುವುದು ಎನ್ನುತ್ತಾರೆ ಅದಕ್ಕೆ. ಕಿರಿಯ ಮಗ ಶಿವರುದ್ರಪ್ಪ ನೂಲು ತರಲು ಪರ ಊರಿಗೆ ಹೋಗಿದ್ದ. ನೀಲವ್ವ ಬಾಗಿಲ ಮರೆಯಲ್ಲಿ ನಿಂತು ಉತ್ತರ ಕೊಟ್ಟಳು.

"ನಿಮ್ಮ ಕೂಡ ಇರೂ ಹುಡುಗಿ ಹೆಸರ?"

"ಬಾಳವ್ವ ಅಂತ ಬರ್ಕೋರಿ. ಹತ್ತ ವರ್ಷ."

ನಾನು ಎರಡು ಮಾರು ದೂರದ ಟ್ರಂಕಿನೊಳಗೆ ಒದ್ದಾಡಿದೆ. ನೀಲವ್ವನದೇನೂ ತಪ್ಪಿಲ್ಲ, ಅತ್ತೆಯ ಹೆಸರನ್ನು ಪರಗಂಡಸಿನ ಮುಂದೆ ಆಕೆ ಹೇಗೆ ಹೇಳಿಯಾಳು? ತಲಾಠಿಗೋ ಊಟದ ಹೊತ್ತಾಗಿತ್ತು. ಹುಡುಗಿಯ ಸಂಬಂಧ ಬರೆಯುವ ಕಡೆ ಒಂದು ಅಡ್ಡಗೆರೆ ಎಳೆದು ಎದ್ದುಹೋದ.

ಮರುವರ್ಷ ನೀಲವ್ವ ಮಗಳನ್ನು ಕರೆದುಕೊಂಡು ಇಳಕಲ್ಲಿನ ತವರಿಗೆ ಹೋದಳು. ಖೋಲಿಯನ್ನು ಮೈದುನನಿಗೇ ಸಂತೋಷದಿಂದ ಬಿಟ್ಟುಕೊಟ್ಟಳು. ಬಾಳವ್ವ ಅಲ್ಲೇ ಬೆಳೆದಳು, ಮದುವೆಯಾದಳು, ಬಾಳವ್ವನಾಗಿಯೇ ತೀರಿಕೊಂಡಳು. ನಾನು ಶಿವರುದ್ರಪ್ಪನ ಕೈಯಿಂದ ಅವನ ಮಗ ಬಸವರಾಜನ ಕೈಗೆ ಬಂದೆ. ಬಸವರಾಜ ನನ್ನನ್ನು ಒಮ್ಮೆಯೂ ಓದಲಿಲ್ಲ. ಓದದ ಕಾಗದಕ್ಕೆ ಆಯುಷ್ಯ ಹೆಚ್ಚು, ಹಾಗಾಗಿ ನನಗೆ ಅವನ ಮೇಲೆ ಸಿಟ್ಟಿಲ್ಲ.

ಓದಿದವನು ಬಸವರಾಜನ ಮಗ ಮಹಾಂತೇಶ. ಝೆರಾಕ್ಸ್ ಅಂಗಡಿಯವನು, ಕಾಗದ ಕಂಡರೆ ಸುಮ್ಮನಿರುವವನಲ್ಲ. ನನ್ನನ್ನು ಗಾಜಿನ ಮೇಲೆ ಬೋರಲು ಹಾಕಿ ಬೆಳಕು ಹಾಯಿಸಿದ. ಈ ವಯಸ್ಸಿನಲ್ಲಿ ನನಗೆ ಒಂದೇ ಮಧ್ಯಾಹ್ನ ಆರು ಜನ ಅವಳಿ ತಮ್ಮಂದಿರು ಹುಟ್ಟಿದರು! ಹೊಸ ಮನೆಯ ವಾಸ್ತುಶಾಂತಿಗೆ ಹಂಸನೂರ ಮನೆತನದ ವಂಶಾವಳಿಯನ್ನು ದೊಡ್ಡ ಫ್ಲೆಕ್ಸಿನಲ್ಲಿ ಹಾಕಿಸುವುದು ಅವನ ಹಂಬಲ. ನನ್ನನ್ನು ನೋಡಿ ಗುರಪ್ಪನ ಕೆಳಗೆ ಸಂಗವ್ವ ಎಂದು ಬರೆದ. ಸಂಗವ್ವ ಮುಂದೆ ಏನಾದಳೆಂದು ಎಲ್ಲಿಯೂ ಸಿಗದ್ದರಿಂದ 'ಬಾಲ್ಯದಲ್ಲೇ ಮೃತ' ಎಂದು ಸೇರಿಸಿದ. ವಾರ್ಸಾದಲ್ಲಿದ್ದ ಬಾಳವ್ವನಿಗೆ ಸಂಬಂಧವೇ ಬರೆದಿರಲಿಲ್ಲವಲ್ಲ, ನೀಲವ್ವ ಸಾಕಿಕೊಂಡ ಯಾವುದೋ ಹುಡುಗಿ ಇರಬೇಕೆಂದು ಆ ಹೆಸರನ್ನೇ ಬಿಟ್ಟುಬಿಟ್ಟ. ಕರಡನ್ನು ಬಂಧುಗಳಿಗೆಲ್ಲ ಮೊಬೈಲಿನಲ್ಲಿ ಕಳಿಸಿದ.

ಮರುದಿನವೇ ಇಳಕಲ್ಲಿನಿಂದ ಕಸ್ತೂರಿ ಬಂದಿಳಿದಳು. ಬಾಳವ್ವನ ಒಬ್ಬಳೇ ಮಗಳು, ಹೊಲಿಗೆ ಕಲಿಸುವ ಟೀಚರು. ಒಳಗೆ ಬಂದವಳು ನೀರು ಕೂಡ ಮುಟ್ಟಲಿಲ್ಲ.

"ಮಾಂತೇಶ, ನಮ್ಮವ್ವ ಈ ಮನಿ ಮಗಳು ಅಲ್ಲೇನು?"

"ನಾ ಹಂಗ ಅಂದಿಲ್ಲ ಕಸ್ತೂರಕ್ಕ. ಕಾಗದದಾಗ ಇಲ್ಲ. ಸಂಜೀಕ ಫ್ಲೆಕ್ಸ್ ಪ್ರಿಂಟಿಗೆ ಹೊಕ್ಕೈತಿ. ಇಲ್ಲದ್ದ ಹೆಂಗ ಹಾಕ್ಲಿ?"

ಅವನೇನೂ ಕೆಟ್ಟವನಲ್ಲ. ಕಾಗದ ನಂಬುವವನು, ಅಷ್ಟೇ. ಆದರೆ ಅರವತ್ತರ ಹತ್ತಿರ ಬಂದ ಹೆಂಗಸಿಗೆ ಇದ್ದಕ್ಕಿದ್ದಂತೆ ತಾಯಿಯ ತವರೇ ಇಲ್ಲವೆಂದರೆ ಹೇಗಾದೀತು! ನನಗೆ ಅಯ್ಯೋ ಅನ್ನಿಸಿತು. ಇದೆಲ್ಲ ನನ್ನಿಂದಲೇ ಆದದ್ದು.

ಮಹಾಂತೇಶ ಮೊದಲೇ ತಾಲ್ಲೂಕು ಕಚೇರಿಯಿಂದ ತೆಗೆಸಿಟ್ಟಿದ್ದ ವಾರ್ಸಾದ ನಕಲನ್ನು ಕಸ್ತೂರಿ ನನ್ನ ಪಕ್ಕದಲ್ಲಿ ಹಾಸಿದಳು. ಎರಡರ ಮೇಲೂ ಬೆರಳಿಟ್ಟು ಬಟ್ಟೆ ಅಳೆಯುವವಳ ಹಾಗೆ ಸಾಲು ಸಾಲು ನೋಡಿದಳು. "ಇಲ್ನೋಡು. ಮುತ್ಯಾ ಬರಸಿದಾಗ ಸಂಗವ್ವಗ ಎಂಟು. ಎರಡ ವರ್ಷಕ್ಕ ಬಾಳವ್ವಗ ಹತ್ತು. ಒಬ್ಬಾಕಿ ಸತ್ತು, ಅಷ್ಟ ವಯಸ್ಸಿನ ಇನ್ನೊಬ್ಬಾಕಿ ಎಲ್ಲಿಂದ ಬಂದ್ಲು?"

ಶಭಾಷ್ ಎಂದೆ ನಾನು. ಯಾರಿಗೆ ಕೇಳಬೇಕು?

"ಇರಬಹುದಕ್ಕ. ಆದ್ರ ಹೆಸರು ಬ್ಯಾರೆ ಬ್ಯಾರೆ ಅದಾವಲ್ಲ," ಎಂದು ಮಹಾಂತೇಶ ತಲೆ ಕೆರೆದುಕೊಂಡ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮಹಾಂತೇಶನ ಅಜ್ಜಿ, ಶಿವರುದ್ರಪ್ಪನ ಹೆಂಡತಿ ಗಂಗವ್ವ, ಎಂಬತ್ತಾರರ ಮುದುಕಿ, ಅಲ್ಲೇ ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದಳು. ಕಿವಿ ಮಂದ. ಕಸ್ತೂರಿ ಹಟಕ್ಕೆ ಬಿದ್ದು ನನ್ನನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದಳು. ಸಂಗವ್ವ ಎಂಬ ಹೆಸರು ಬಂದದ್ದೇ ತಡ, ಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಸ್ತೂರಿ ಓದುವುದನ್ನು ನಿಲ್ಲಿಸಿದಳು.

"ನಮ್ಮತ್ತಿ ಹೆಸರ ಯಾಕ ಒದರ್ತೀಯವಾ?" ಎಂದಳು ಮುದುಕಿ.

"ಇದು ನಿಮ್ಮತ್ತಿ ಹೆಸರಲ್ಲ ಆಯಿ. ಮೊಮ್ಮಗಳದು."

"ಮೊಮ್ಮಗಳಿಗೂ ಅದ ಹೆಸರ ಅಲಾ! ನಮ್ಮ ಬಾಳಿಗೆ. ತೊಟ್ಟಲದಾಗ ಇಟ್ಟಿದ್ರಂತ. ನಾ ಹದಿನೈದ ವರ್ಷದಾಕಿ ಈ ಮನಿಗೆ ಬಂದಾಗ ಅಕಿ ಜಡಿ ನಾನ ಹಾಕ್ತಿದ್ದೆ. ಕರಿಯಾಕ ಬರಂಗಿಲ್ಲಂತ ಬಾಳಿ ಅಂತಿದ್ವಿ."

ಮಹಾಂತೇಶ ಮುದುಕಿಯ ಎದುರಿಗೆ ಬಂದು ಕುಳಿತ. "ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ಲ ಆಯಿ?"

"ಕೇಳಿದವರ ಯಾರೋ? ನೀವು ಗಂಡಸರು ಕಾಗದಾನ ಕೇಳ್ತೀರಿ."

ಮಹಾಂತೇಶ ಮೊಬೈಲು ತೆಗೆದ. ಹೆಸರನ್ನು ಬಾಯಿಬಿಟ್ಟು ಹೇಳಿದರೆ ರೆಕಾರ್ಡು ಮಾಡಿಕೊಂಡು ಮನೆತನದ ದಾಖಲೆಗೆ ಇಡುತ್ತೇನೆ ಎಂದ. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ತಲೆ ಅಲ್ಲಾಡಿಸಿದಳು. ಎಪ್ಪತ್ತು ವರ್ಷ ಆಡದ ಹೆಸರು.

"ಬ್ಯಾಡ ಬಿಡ್ರಿ ಆಯಿ, ನನಗ ತಿಳೀತು, ಅಷ್ಟ ಸಾಕು," ಎಂದು ಕಸ್ತೂರಿ ಕಣ್ಣೊರೆಸಿಕೊಂಡಳು.

ಗಂಗವ್ವ ಆ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಹುಣಸೆಯ ಕೈಯನ್ನು ಸೀರೆಗೆ ಒರೆಸಿ ದೇವರ ಜಗಲಿಯ ಕಡೆ ಕೈ ಮುಗಿದಳು. "ತಪ್ಪ ತಿಳಕೋಬ್ಯಾಡ್ರಿ ಅತ್ತಿ," ಎಂದವಳೇ, ಗಟ್ಟಿಯಾಗಿ, "ಭಾವಗೋಳ ಮಗಳು ಬಾಳವ್ವ. ತೊಟ್ಟಲ ಹೆಸರು ಸಂಗವ್ವ," ಎಂದಳು. ಎರಡೂ ಗಲ್ಲ ಬಡಿದುಕೊಂಡಳು. ಬಡಿದುಕೊಂಡು ಬೊಚ್ಚುಬಾಯಿ ತೆರೆದು ಸಣ್ಣ ಹುಡುಗಿಯಂತೆ ನಕ್ಕಳು. ಕಸ್ತೂರಿ ನಗುತ್ತಲೇ ಅತ್ತಳು. ನನ್ನ ಮಡಿಕೆ ಮಡಿಕೆಯೂ ಹಗುರಾಯಿತು.

ಫ್ಲೆಕ್ಸಿನಲ್ಲಿ ಗುರಪ್ಪನ ಕೆಳಗೆ 'ಸಂಗವ್ವ ಉರ್ಫ್ ಬಾಳವ್ವ' ಎಂದೂ, ಅದರ ಕೆಳಗೆ 'ಕಸ್ತೂರಿ' ಎಂದೂ ಬಂತು. ನನ್ನನ್ನೂ ವಾರ್ಸಾ ನಕಲನ್ನೂ ಮಹಾಂತೇಶ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದಾನೆ. ನಾವಿಬ್ಬರೂ ಸುಳ್ಳು ಹೇಳಿರಲಿಲ್ಲ, ತಿಳಿದಷ್ಟನ್ನು ಹೇಳಿದ್ದೆವು. ಈಗ ಮೈಗೆ ಮೈ ತಾಗಿಸಿ ಸುಖವಾಗಿದ್ದೇವೆ. ಜಿರಳೆಯ ಕಾಟವೂ ಇಲ್ಲ.

ಅಂದು ಕಸ್ತೂರಿ ಹೊರಟಾಗ ಗಂಗವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಅಡಿಕೆ ಹಾಕಿ ಉಡಿ ತುಂಬಿದಳು. ಆ ಮನೆಯಲ್ಲಿ ಬಂದ ನೆಂಟರಿಗೆಲ್ಲ ಉಡಿ ತುಂಬುವುದಿಲ್ಲ, ಮನೆಯ ಹೆಣ್ಣುಮಕ್ಕಳಿಗೆ ಮಾತ್ರ.

"ಪಂಚಮಿಗೆ ಬಾ. ಕರಿಯಾಕ ಮಾಂತೇಶನ ಕಳಸ್ತೀನಿ," ಎಂದಳು.

ಈರಪ್ಪ ನನ್ನ ಕೈಯಿಂದ ಆ ಹುಡುಗಿಗೆ ಕೊಡಿಸಿದ್ದು ಒಂದು ಖೋಲಿ. ಓದು ಬಾರದ ಈ ಮುದುಕಿ ಅವಳ ಮಗಳಿಗೆ ತವರುಮನೆಯನ್ನೇ ಕೊಟ್ಟು ಕಳಿಸಿದಳು.