ತುಂಬು ತೋಳಿನ ಮೂರು ಫ್ರಾಕು

ದರ್ಜಿಯಮ್ಮನ ಬಾಯಿ ಬೀದಿಗೆಲ್ಲ ಗೊತ್ತು. ಯಾರ ಸೊಂಟ ಎಷ್ಟು ಇಂಚು ಹಿಗ್ಗಿತು, ಯಾರ ಮದುವೆ ಮುರಿಯಿತು, ಎಲ್ಲ ನಾಲಿಗೆ ತುದಿಯಲ್ಲೇ. ಅಂಥವಳು ತನ್ನ ಅಂಗಡಿಯ ಮೇಲಿನ ಮಹಡಿ ಮನೆಯ ತಾಯಿ-ಮಗಳ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಳಲ್ಲ, ಏನು ಹೇಳೋಣ!

ಆ ತಾಯಿ ಒಂಟಿ ಹೆಂಗಸು. ಬಿಸ್ಕತ್ತು ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿತ. ನೆತ್ತಿ ಸುಡುವ ಬಿಸಿಲುಗಾಲದಲ್ಲಿ ನಾಲ್ಕು ವರ್ಷದ ಮಗಳನ್ನು ಕರೆತಂದು, ಅವಳದೊಂದು ಫ್ರಾಕು ಮುಂದಿಟ್ಟು, "ಅಕ್ಕ, ಇದಕ್ಕೆ ತುಂಬು ತೋಳು ಇಟ್ಟುಕೊಡಿ" ಎಂದಿದ್ದಳು. ಅಳತೆ ತೆಗೆಯುವಾಗ ಮಗುವಿನ ಮೊಣಕೈ ಮೇಲೆ ಬೆರಳು ಮೂಡಿದ ನೀಲಿ ಕಲೆಗಳು ಕಂಡವು. ದರ್ಜಿಯಮ್ಮ ಟೇಪು ಸುತ್ತಿಟ್ಟು, "ಈ ಸೆಕೇಲಿ ತುಂಬು ತೋಳಾ? ಒಳ್ಳೆ ಫ್ಯಾಶನ್ನು ಕಣಮ್ಮ!" ಎಂದು ನಕ್ಕಳು. ನಮಗ್ಯಾಕೆ ಊರ ಉಸಾಬರಿ ಎಂದುಕೊಂಡಳು. ಆಮೇಲೆ ಇನ್ನೆರಡು ಫ್ರಾಕು ಬಂದವು. ತೋಳು ಮೇಲೆ ಸರಿಯದಿರಲೆಂದು, ಯಾರೂ ಹೇಳದೆಯೇ, ಮಣಿಕಟ್ಟಿಗೆ ಬಿಗಿಯಾದ ಪಟ್ಟಿ ಕೊಟ್ಟಳು. ಕೆಲಸದಲ್ಲಿ ಅಚ್ಚುಕಟ್ಟು, ನೋಡಿ!

ಇವತ್ತು ಬೆಳಿಗ್ಗೆ, ಮನೆಮನೆಗೆ ಲಸಿಕೆ ಹಾಕಲು ಬಂದ ನರ್ಸು ಇಬ್ಬರನ್ನೂ ಅಂಗಡಿಗೇ ಕರೆತಂದಳು.

"ತೋಳು ಮೇಲೇರ್ತಾನೇ ಇಲ್ಲ. ಹೊಲಿಗೆ ಸ್ವಲ್ಪ ಬಿಚ್ಚಿಕೊಡ್ತೀರಾ?"

ದರ್ಜಿಯಮ್ಮ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದಳು. ಬಟ್ಟೆ ಸರಿದಾಗ ಹಳೆಯ ಕಲೆಗಳ ಪಕ್ಕದಲ್ಲಿ ಹೊಸವು. ಸಮಾಧಾನ ಮಾಡೋಣವೆಂದು ತಲೆ ಸವರಲು ಹೋದರೆ, ಮಗು ಮುಖಕ್ಕೆ ಕೈ ಅಡ್ಡ ಹಿಡಿಯಿತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ.

ನರ್ಸು ಯಾರನ್ನೂ ಬೈಯಲಿಲ್ಲ. ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, "ನೀನು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತಮ್ಮ?" ಎಂದಳು.

ಅಷ್ಟಕ್ಕೇ ಆಕೆ ಬಿಕ್ಕಿದಳು. "ನಾನೇ ಹೊಡೆದಿದ್ದು. ಸಿಟ್ಟು ಬಂದ್ರೆ ಕೈ ನಿಲ್ಲಲ್ಲ. ಆಮೇಲೆ ಸತ್ತುಹೋಗೋಣ ಅನ್ಸುತ್ತೆ."

"ಇದನ್ನ ನಾನು ಮೇಲಿನವರಿಗೆ ತಿಳಿಸಲೇಬೇಕು. ಆದ್ರೆ ನಿನ್ನ ಒಬ್ಬಳನ್ನೇ ಬಿಡಲ್ಲ. ನೀನು ಕೆಲಸಕ್ಕೆ ಹೋದಾಗ, ಸಾಕಾಗಿ ಕೂತಾಗ, ಮಗೂನ ನೋಡ್ಕೊಳ್ಳೋರು ಯಾರಾದ್ರೂ ಇದ್ದಾರಾ?"

ತಾಯಿ ಇಲ್ಲವೆಂದು ತಲೆಯಾಡಿಸಿದಳು. ದರ್ಜಿಯಮ್ಮನಿಗೆ ತಡೆಯಲಾಗಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತೇನೇ? ಕೆಳಗೇ ಇದ್ನಲ್ಲ!"

ತಾಯಿ ಕಣ್ಣೊರೆಸಿಕೊಂಡಳು.

"ಮೂರು ಸಲ ಬಂದ್ನಲ್ಲಕ್ಕ. ತೋಳು ಹೊಲಿಯೋಕೆ ನನಗೂ ಬರುತ್ತೆ. ಮಗು ಕೈ ನೋಡಿ ನೀವೇನಾದ್ರೂ ಕೇಳ್ತೀರೇನೋ ಅಂತ ತಂದಿದ್ದು."

ದರ್ಜಿಯಮ್ಮ ಕತ್ತು ತಗ್ಗಿಸಿದಳು. 'ನಾಳೆಯಿಂದ ಮಗು ನನ್ನ ಹತ್ರ ಇರಲಿ' ಎನ್ನಲು ತನಗಿನ್ನು ಯಾವ ಮುಖವಿದೆ ಎನ್ನಿಸಿತು. ಆದರೂ ಹೇಳಿದಳು.